ಗಾಳಿಯೋ ಗಾಲಿಯೋ

ಓಂಕಾರಪ್ಪನವರ ಸೊಂಟನೋವಿಗೂ ಅವರ ಟೈಪಿಂಗ್ ಇನ್‌ಸ್ಟಿಟ್ಯೂಟಿಗೂ ಹತ್ತಿರದ ನಂಟು. ಶಿವಮೊಗ್ಗದ ಅರ್ಧ ಊರಿನ ಗುಮಾಸ್ತರಿಗೆ ಟೈಪಿಂಗ್ ಕಲಿಸಿದವರು ಅವರೇ. ಒಬ್ಬೊಬ್ಬರ ಬೆನ್ನ ಹಿಂದೆಯೂ ಬಾಗಿ ನಿಂತು, ‘ಬೆರಳು ನೋಡಬೇಡ, ಹಾಳೆ ನೋಡು’ ಎಂದು ಹೇಳಿ ಹೇಳಿ ಅವರ ನಡು ಬಾಗಿದ ಹಾಗೇ ನಿಂತುಬಿಟ್ಟಿತ್ತು. ಆಮೇಲೆ ಕಾಲ ಬದಲಾಯಿತು. ಟೈಪ್‌ರೈಟರುಗಳು ಒಂದೊಂದಾಗಿ ಗುಜರಿಗೆ ಹೋದವು. ಆ ಜಾಗದಲ್ಲಿ ಮೂರು ಕಂಪ್ಯೂಟರು ಬಂದು ಕುಳಿತು, ಬಾಗಿಲಿಗೆ ‘ಇಂಟರ್‌ನೆಟ್ ಇದೆ’ ಎಂಬ ಬೋರ್ಡು ಬಿತ್ತು. ಸೊಂಟನೋವು ಮಾತ್ರ ಹಳೆಯ ಕಾಲದ್ದೇ ಉಳಿಯಿತು.

“ದಿನಾ ಸೈಕಲ್ ತುಳಿಯಿರಿ, ಆದ್ರೆ ಬಗ್ಗಬೇಡಿ. ಬೆನ್ನಿಗೆ ಆಸರೆ ಇರಬೇಕು” ಎಂದಿದ್ದರು ಡಾಕ್ಟರು. ಇದು ಸಲಹೆಯೋ ಗೇಲಿಯೋ ತಿಳಿಯದೆ ಓಂಕಾರಪ್ಪನವರು ಗಿರಾಕಿ ಇಲ್ಲದ ಒಂದು ಮಧ್ಯಾಹ್ನ ಕಂಪ್ಯೂಟರಿನ ಮುಂದೆ ಕುಳಿತು, ಬೆನ್ನಿಗೆ ಆಸರೆ ಇರುವ ಸೈಕಲ್ಲು ಎಲ್ಲಾದರೂ ಇದೆಯೇ ಎಂದು ಹುಡುಕಿದರು. 2003ನೇ ಇಸವಿಯ ಇಂಟರ್‌ನೆಟ್ಟು. ಚಿತ್ರವೊಂದು ಮೇಲಿನಿಂದ ಕೆಳಕ್ಕೆ ಗೆರೆ ಗೆರೆಯಾಗಿ ಇಳಿಯತೊಡಗಿತು. ಮೊದಲು ಆಕಾಶ ಬಂತು. ಆಮೇಲೆ ಮರದ ತುದಿ. ಬಹಳ ಹೊತ್ತಾದ ಮೇಲೆ ಒಂದು ಹೆಲ್ಮೆಟ್ಟು, ಅದರ ಕೆಳಗೆ ಅಂಗಾತ ಮಲಗಿದ ಒಬ್ಬ ಬಿಳಿಯ ಮನುಷ್ಯ. ಅಯ್ಯೋ ಪಾಪ, ಯಾವುದೋ ಅಪಘಾತದ ಫೋಟೋ ಎಂದು ಓಂಕಾರಪ್ಪನವರು ಮುಚ್ಚಲು ಹೋದರು. ಅಷ್ಟರಲ್ಲಿ ಮತ್ತೆರಡು ಗೆರೆ ಇಳಿದು, ಮಲಗಿದವನು ನಗುತ್ತಿರುವುದು ಕಂಡಿತು. ಇನ್ನೂ ನಾಲ್ಕು ಗೆರೆ ಇಳಿದ ಮೇಲೆ ಅವನ ಕೆಳಗೆ ಮೂರು ಚಕ್ರ ಕಾಣಿಸಿದವು. ಅವನು ಕಾಲು ಮುಂದಕ್ಕೆ ಚಾಚಿ, ಆರಾಮಕುರ್ಚಿಯಲ್ಲಿ ಒರಗಿದಂತೆ ಒರಗಿ ಸೈಕಲ್ ತುಳಿಯುತ್ತಿದ್ದ.

ಆ ದಿನ ಓಂಕಾರಪ್ಪನವರು ಊಟಕ್ಕೂ ಏಳದೆ ಓದಿದರು. ನೆಟ್ಟಗೆ ಕುಳಿತು ಸೈಕಲ್ ತುಳಿಯುವವನು, ಗಾಳಿಗೆ ಎದುರಾಗಿ ಹಿಡಿದ ಬಾಗಿಲಿನಂತೆ. ವೇಗ ಏರಿದ ಹಾಗೆಲ್ಲ ಅವನ ಕಸುವಿನ ಮುಕ್ಕಾಲು ಪಾಲು ಗಾಳಿ ತಳ್ಳುವುದರಲ್ಲೇ ಕಳೆದುಹೋಗುತ್ತದೆ. ಮಲಗಿದರೆ ಗಾಳಿ ಮೇಲಿಂದ ಹಾದುಹೋಗುತ್ತದೆ. ಸುತ್ತ ಮೀನಿನ ಆಕಾರದ ಒಂದು ಕವಚ ಕಟ್ಟಿಕೊಂಡರಂತೂ ಇನ್ನೂ ಸಲೀಸು. ಓದುತ್ತ ಓದುತ್ತ ಅವರಿಗೆ ತಮ್ಮ ಇಷ್ಟು ವರ್ಷದ ಕಷ್ಟಕ್ಕೆಲ್ಲ ಗಾಳಿಯೇ ಕಾರಣ ಎನಿಸತೊಡಗಿತು.

ಮರುದಿನವೇ ಆ ಚಿತ್ರದ ಪ್ರಿಂಟು ಹಿಡಿದು ಭದ್ರಾವತಿಯ ಬಸ್ಸು ಹತ್ತಿದರು. ಅಲ್ಲಿ ಅವರ ಹೆಂಡತಿ ವೀರಮ್ಮನ ತಮ್ಮ ಹಾಲಸ್ವಾಮಿಯ ವೆಲ್ಡಿಂಗ್ ಶಾಪಿತ್ತು. ಕಿಟಕಿ ಗ್ರಿಲ್ಲಿನಿಂದ ಹಿಡಿದು ಟ್ರ್ಯಾಕ್ಟರಿನ ಟ್ರೇಲರಿನವರೆಗೆ ಏನು ಬೇಕಾದರೂ ಮಾಡಿಕೊಡುವ ಕೈ. ಏನು ಮಾಡಿದರೂ ಬೇಕಾದ್ದಕ್ಕಿಂತ ಎರಡು ಪಟ್ಟು ಭಾರ ಮಾಡುವುದು ಅವನ ಅಭ್ಯಾಸ. ಅವನು ಚಿತ್ರವನ್ನು ಉದ್ದಕ್ಕೆ, ಅಡ್ಡಕ್ಕೆ, ತಲೆಕೆಳಗಾಗಿ ಹಿಡಿದು ನೋಡಿದ.

“ಈ ಮನುಷ್ಯಂಗೆ ಹಾಗೇ ನಿದ್ದೆ ಹತ್ತಿದ್ರೆ ಯಾರು ಎಬ್ಬಿಸ್ತಾರೆ ಭಾವ?”

“ಅದಿರ್ಲಿ. ಇದನ್ನ ಮಾಡೋಕಾಗುತ್ತಾ ಹೇಳು.”

“ಮಾಡೋಕೇನು, ಮಾಡ್ಬಹುದು. ಆದ್ರೆ ಇದು ಓಡಲ್ಲ. ಚಕ್ರ ನೋಡಿ, ಚಕ್ಕುಲಿ ಇದ್ದ ಹಾಗಿದೆ. ದೊಡ್ಡ ಗಾಲಿ ಒಂದು ಸುತ್ತು ಹೊಡೆಯೋದ್ರೊಳಗೆ ಇದು ಎರಡು ಸುತ್ತು ಹೊಡೀಬೇಕು. ಲಾರಿ ಗಾಲಿ ನೋಡಿ, ಆಟೋ ಗಾಲಿ ನೋಡಿ. ಯಾವುದು ಮುಂದೆ ಹೋಗುತ್ತೆ?”

“ಹಾಗಾದ್ರೆ ಟ್ರ್ಯಾಕ್ಟರಿನ ಹಿಂದಿನ ಗಾಲಿ ನೋಡಪ್ಪ. ಅದು ವಿಮಾನದ ಥರ ಹಾರ್ಬೇಕಿತ್ತಲ್ಲ?”

ಟ್ರ್ಯಾಕ್ಟರಿನ ವಿಷಯ ಎತ್ತಿದ್ದು ಹಾಲಸ್ವಾಮಿಯ ಮನಸ್ಸಿಗೆ ಚುಚ್ಚಿತು. ಓಂಕಾರಪ್ಪನವರು ಬಿಡಲಿಲ್ಲ.

“ಗಾಲಿ ಸಣ್ಣದಾದ್ರೆ ಪೆಡಲಿನ ಹತ್ರ ಇರೋ ಹಲ್ಲಿನ ಚಕ್ರ ದೊಡ್ಡದು ಹಾಕು. ಒಂದು ಸಲ ತುಳಿದ್ರೆ ಎರಡು ಸುತ್ತು ಹೊಡೆಯುತ್ತೆ, ಲೆಕ್ಕ ಸರಿಹೋಯ್ತು. ಆದ್ರೆ ಗಾಳಿಗೆ ಯಾವ ಹಲ್ಲಿನ ಚಕ್ರ ಹಾಕ್ತೀಯ? ತಡೆಯೋದು ಗಾಳಿ ಮಾರಾಯ, ಗಾಲಿ ಅಲ್ಲ.”

“ಗಾಲೀನೇ ಭಾವ.”

“ಗಾಳಿ.”

ಶಾಪಿನ ಬಾಗಿಲಲ್ಲಿ ಕುಳಿತು ಎಲೆ ಅಡಿಕೆ ಹಾಕುತ್ತಿದ್ದ ಕರಿಬಸಮ್ಮ, ಹಾಲಸ್ವಾಮಿಯ ತಾಯಿ, ಇಬ್ಬರ ಮುಖವನ್ನೂ ನೋಡಿದರು. ಅವರು ಶಿವಮೊಗ್ಗದ ‘ನಗುಮೊಗ ದಂತಾಲಯ’ದಲ್ಲಿ ಹೊಸ ಹಲ್ಲುಸೆಟ್ಟು ಹಾಕಿಸಿಕೊಂಡು ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಸೆಟ್ಟು ಅಂಗುಳಿಗೆ ಅಡ್ಡ ಕೂತು, ಅವರ ಬಾಯಲ್ಲಿ ‘ಲ’ ಮತ್ತು ‘ಳ’ ಒಂದೇ ಆಗಿಹೋಗಿದ್ದವು.

“ಇವರೂ ಗಾಲಿ ಅಂತಾರೆ, ನೀನೂ ಗಾಲಿ ಅಂತೀಯ. ಮತ್ತೆ ಕಿತ್ತಾಟ ಯಾಕ್ರೋ?” ಎಂದರು.

ಕೊನೆಗೆ ಪಂದ್ಯವೇ ಆಗಲಿ ಎಂದು ತೀರ್ಮಾನವಾಯಿತು. ಭದ್ರಾವತಿಯ ಶಾಪಿನಿಂದ ಶಿವಮೊಗ್ಗದ ವಿದ್ಯಾನಗರದ ಓಂಕಾರಪ್ಪನವರ ಮನೆಯ ಗೇಟಿನವರೆಗೆ. ಓಂಕಾರಪ್ಪನವರಿಗೆ ಸಣ್ಣ ಗಾಲಿಯ, ಕವಚವಿರುವ ಮೂರು ಚಕ್ರದ ಗಾಡಿ. ಹಾಲಸ್ವಾಮಿಗೆ ದೊಡ್ಡ ಗಾಲಿಯ ಎರಡು ಚಕ್ರದ್ದು. ಸೋತವನು ಬೀದಿಯಲ್ಲಿ ನಿಂತು, ನಾಲ್ಕು ಜನ ಕೇಳುವ ಹಾಗೆ, ‘ನೀನು ಹೇಳಿದ್ದೇ ಸರಿ’ ಅನ್ನಬೇಕು. ಕೇಳುವುದಕ್ಕೆ ಹಗುರಾದ ಶಿಕ್ಷೆ. ಆದರೆ ಆ ಎರಡು ಮನೆಗಳಲ್ಲಿ ಯಾರೂ ಯಾರಿಗೂ ಆ ಮಾತು ಹೇಳಿದ ದಾಖಲೆ ಇರಲಿಲ್ಲ. ಓಂಕಾರಪ್ಪನವರಿಗೆ ಅದನ್ನು ನೆನೆದರೇ ಸೊಂಟ ಹಿಡಿದಂತಾಗುತ್ತಿತ್ತು.

ಎರಡೂ ಗಾಡಿ ಕಟ್ಟಿದವನು ಹಾಲಸ್ವಾಮಿಯೇ. ಈ ವಿಷಯದಲ್ಲಿ ಅವನು ಧರ್ಮರಾಯ. ಭಾವನ ಗಾಡಿಗೂ ತನ್ನದಕ್ಕೂ ಒಂದೇ ಕಬ್ಬಿಣ, ಒಂದೇ ಶ್ರದ್ಧೆ, ಒಂದೇ ಅನಗತ್ಯ ಭಾರ. ಓಂಕಾರಪ್ಪನವರ ಗಾಡಿಗೆ ಮಕ್ಕಳ ಸೈಕಲ್ಲಿನ ಹದಿನಾರು ಇಂಚಿನ ಗಾಲಿ ಮೂರು, ಮುಂದೆರಡು ಹಿಂದೊಂದು. ಮನೆಯ ತಟ್ಟೆಗಿಂತ ದೊಡ್ಡದಾದ ಹಲ್ಲಿನ ಚಕ್ರ. ಮೂರು ಚೈನು ಸೇರಿಸಿ ಮಾಡಿದ ಒಂದು ಉದ್ದ ಚೈನು. ಕೂರುವುದಕ್ಕೆ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಪ್ಲಾಸ್ಟಿಕ್ ವೈರಿನ ಕುರ್ಚಿ, ಕಾಲು ಕತ್ತರಿಸಿದ್ದು. ಕವಚಕ್ಕೆ ಬಿದಿರಿನ ದಬ್ಬೆ ಬಗ್ಗಿಸಿ, ಮೇಲೆ ಫ್ಲೆಕ್ಸು ಹೊದಿಸಿದರು. ಫ್ಲೆಕ್ಸು ಕೊಟ್ಟಿದ್ದು ನಗುಮೊಗ ದಂತಾಲಯದವರು. ಅವರ ಉದ್ಘಾಟನೆಯ ಬ್ಯಾನರದು. ಅದರ ತುಂಬ ಒಂದು ದೊಡ್ಡ ಬಾಯಿ, ಮೂವತ್ತೆರಡೂ ಹಲ್ಲು ಬಿಟ್ಟು ನಗುತ್ತಿತ್ತು. ಓಂಕಾರಪ್ಪನವರು ಎಷ್ಟು ತಿರುಗಿಸಿ ಕಟ್ಟಿದರೂ ಆ ಹಲ್ಲು ಗಾಡಿಯ ಮೂತಿಯ ಕಡೆಗೇ ಬಂದು ನಿಂತಿತು.

ಹಾಲಸ್ವಾಮಿಯ ಗಾಡಿಗೆ ಹಿಂದೆ ಮುಂದೆ ಎರಡೂ ಕಡೆ ಇಪ್ಪತ್ತೆಂಟು ಇಂಚಿನ ಗಾಲಿ. ಗಾಲಿಯ ಮೇಲೆ ಚೌಕಟ್ಟು, ಚೌಕಟ್ಟಿನ ಮೇಲೆ ಸೀಟು. ಕಟ್ಟಿ ಮುಗಿಸಿದ ಮೇಲೆ ಸೀಟು ಎದೆಮಟ್ಟಕ್ಕೆ ಬಂದಿರುವುದು ಗೊತ್ತಾಯಿತು. ಹತ್ತುವುದಕ್ಕೆ ಸ್ಟೂಲು ಬೇಕು. ಇಳಿಯುವುದು ಹೇಗೆಂದು ಅವನು ಯೋಚಿಸಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲಿನ ಭಾನುವಾರ ಬೆಳಿಗ್ಗೆ ಪಂದ್ಯ ಶುರುವಾಯಿತು. ಅಂಪೈರು ಕರಿಬಸಮ್ಮ. ಅವರನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಹೊರಟವರು ವೀರಮ್ಮ.

“ರೀ, ಇನ್ನೊಂದು ಸಲ ಯೋಚನೆ ಮಾಡಿ” ಎಂದರು ವೀರಮ್ಮ, ಕವಚದ ಮೇಲಿನ ತೂತಿನಿಂದ ಹೊರಗಿದ್ದ ಗಂಡನ ತಲೆಗೆ. “ದಾರೀಲಿ ನೆಂಟರು ಸಿಗ್ತಾರೆ.”

“ನನ್ನ ಗುರುತು ಯಾರಿಗೆ ಸಿಗುತ್ತೆ, ತಲೆ ಒಂದೇ ಕಾಣೋದು.”

“ಅದೇ ಹೇಳಿದ್ದು” ಎಂದರು ವೀರಮ್ಮ.

ಭದ್ರಾವತಿ ಊರು ದಾಟುವವರೆಗೆ ಓಂಕಾರಪ್ಪನವರಿಗೆ ಗ್ರಹಚಾರ ಸರಿ ಇರಲಿಲ್ಲ. ರಸ್ತೆಯ ಒಂದೊಂದು ಗುಂಡಿಯನ್ನೂ ಸಣ್ಣ ಗಾಲಿ ಇಳಿದು, ತಳ ಮುಟ್ಟಿ, ವಿಚಾರಿಸಿಕೊಂಡು ಮೇಲೆ ಬರುತ್ತಿತ್ತು. ಎರಡು ಗಾಲಿಯ ನಡುವೆ ತಪ್ಪಿಸಿದ ಗುಂಡಿಗೆ ಮೂರನೆಯ ಗಾಲಿ ಮರೆಯದೆ ಬೀಳುತ್ತಿತ್ತು. ಕನ್ನಡಕ ಮೂಗಿನಿಂದ ಹಾರಿ ಮಡಿಲಿಗೆ, ಮಡಿಲಿನಿಂದ ಹಾರಿ ಮತ್ತೆ ಎದೆಗೆ ಬಂತು. ಹಾಲಸ್ವಾಮಿಯ ದೊಡ್ಡ ಗಾಲಿ ಅದೇ ಗುಂಡಿಗಳ ಮೇಲೆ ಮದುವೆ ಮನೆಯ ಯಜಮಾನನ ಹಾಗೆ ಯಾರನ್ನೂ ಮಾತಾಡಿಸದೆ ಸಾಗಿತು.

“ಭಾವ, ನಿಧಾನ ಬನ್ನಿ, ಅವಸರ ಇಲ್ಲ” ಎಂಬ ಮಾತು ಮೇಲಿನಿಂದ ಬಂದು ಓಂಕಾರಪ್ಪನವರ ಕಿವಿಗೆ ಬಿತ್ತು.

ಕಡದಕಟ್ಟೆಯ ಹತ್ತಿರ ರೈಲ್ವೆ ಗೇಟು ಹಾಕಿತ್ತು. ಹಾಲಸ್ವಾಮಿಯ ನಿಜವಾದ ಕಷ್ಟ ಅಲ್ಲಿ ಶುರುವಾಯಿತು. ನಿಲ್ಲಬೇಕೆಂದರೆ ಕಾಲು ನೆಲಕ್ಕೆ ಎಟುಕುವುದಿಲ್ಲ. ಅವನು ಗೇಟಿಗೆ ನಿಂತಿದ್ದ ಭತ್ತದ ಲಾರಿಯ ಹಿಂಬದಿಯ ಸರಪಳಿ ಹಿಡಿದು ನೇತುಬಿದ್ದಂತೆ ನಿಂತ. ಓಂಕಾರಪ್ಪನವರು ಕಣಕಣ ಸದ್ದು ಮಾಡುತ್ತ ಬಂದು ಅವನ ಪಕ್ಕದಲ್ಲೇ ನಿಂತರು. ಮೂರು ಗಾಲಿ, ಕಾಲು ಊರುವ ಪ್ರಶ್ನೆಯೇ ಇಲ್ಲ. ಕವಚದೊಳಗಿಂದ ಫ್ಲಾಸ್ಕು ತೆಗೆದು ಕಾಫಿ ಕುಡಿದರು. ಪಕ್ಕದ ಬಸ್ಸಿನ ಕಿಟಕಿಗಳಲ್ಲೆಲ್ಲ ತಲೆಗಳು ಬಂದವು.

“ಏನ್ ಸಾರ್ ಇದು, ಟೂತ್‌ಪೇಸ್ಟ್ ಕಂಪನೀದಾ?” ಎಂದು ಒಬ್ಬ ಕೇಳಿದ.

“ಗಾಳಿ ಸೀಳೋದು” ಎಂದರು ಓಂಕಾರಪ್ಪನವರು ಗಂಭೀರವಾಗಿ.

ಗೇಟು ಎದ್ದಿತು. ಲಾರಿ ಹೊರಟಿತು. ಸರಪಳಿ ಬಿಟ್ಟರೆ ಬೀಳುತ್ತೇನೆಂಬ ಭಯಕ್ಕೆ ಹಾಲಸ್ವಾಮಿ ಬಿಡಲಿಲ್ಲ. ಲಾರಿ ಅವನನ್ನು ಹಳಿ ದಾಟಿಸಿ, ಮುಂದಿನ ತಿರುವಿನವರೆಗೂ ಎಳೆದುಕೊಂಡು ಹೋಯಿತು. ಹಿಂದಿನಿಂದ ಸ್ಕೂಟಿಯಲ್ಲಿ ಬಂದ ಕರಿಬಸಮ್ಮ ಕೈ ಎತ್ತಿದರು.

“ಲಾರಿ ಬಿಡೋ. ಮೋಸ ಇದು.”

“ಬಿಟ್ರೆ ಬೀಳ್ತೀನವ್ವ.”

“ಆ ಮರ ಹಿಡ್ಕೊ. ನೂರೆಂಟು ಸಲ ಶಿವನಾಮ ಜಪಿಸು, ಆಮೇಲೆ ಹೋಗು. ನಾನು ಎಣಿಸ್ತೀನಿ.”

ಹೀಗೆ ಹಾಲಸ್ವಾಮಿ ರಸ್ತೆ ಬದಿಯ ಹುಣಸೆಮರ ತಬ್ಬಿಕೊಂಡು, ಸೈಕಲ್ಲಿನ ಮೇಲೆ ಒರಗಿದ ಭಂಗಿಯಲ್ಲೇ ಜಪಕ್ಕೆ ಕುಳಿತ. ಓಂಕಾರಪ್ಪನವರು ತಿರುಗಿ ನೋಡದೆ ಮುಂದೆ ಸಾಗಿದರು. ತಿರುಗಿ ನೋಡಲು ಕವಚವೂ ಬಿಡುತ್ತಿರಲಿಲ್ಲ, ಕತ್ತೂ ಬಿಡುತ್ತಿರಲಿಲ್ಲ.

ಜೇಡಿಕಟ್ಟೆ ಕಳೆದ ಮೇಲೆ ರಸ್ತೆಗೆ ಹೊಸದಾಗಿ ಟಾರು ಹಾಕಿದ್ದರು. ಓಂಕಾರಪ್ಪನವರ ಜೀವನದ ಅತ್ಯಂತ ಸುಖದ ಗಳಿಗೆ ಅಲ್ಲಿ ಬಂತು. ಗಾಲಿಗಳ ಗೊಣಗಾಟ ನಿಂತುಹೋಯಿತು. ದೊಡ್ಡ ಹಲ್ಲಿನ ಚಕ್ರ ಒಂದು ಸುತ್ತು ತಿರುಗಿದರೆ ಗಾಡಿ ನುಣ್ಣಗೆ ಅಷ್ಟು ದೂರ ಜಾರುತ್ತಿತ್ತು. ಎದುರು ಗಾಳಿ ಜೋರಾಗಿಯೇ ಬೀಸುತ್ತಿತ್ತು. ರಸ್ತೆ ಬದಿಯ ನೀಲಗಿರಿ ಮರಗಳೆಲ್ಲ ಭದ್ರಾವತಿಯ ಕಡೆಗೆ ಬಗ್ಗಿದ್ದವು. ಆದರೆ ಕವಚದೊಳಗೆ ಅದರ ಸುಳಿವೇ ಇಲ್ಲ. ಎದುರು ಗಾಳಿಗೆ ತಲೆ ಬಗ್ಗಿಸಿ, ಹಲ್ಲು ಕಚ್ಚಿ ತುಳಿಯುತ್ತಿದ್ದ ಒಬ್ಬ ಹಾಲಿನ ಸೈಕಲ್ಲಿನವನನ್ನು ಅವರು ದಾಟಿದರು. ಆಮೇಲೆ ಹಿಂಡಿ ಮೂಟೆ ಹೇರಿದ್ದ ಒಂದು ಮೊಪೆಡ್ಡನ್ನೂ ದಾಟಿದರು. ಮೊಪೆಡ್ಡಿನವನು ಪಕ್ಕಕ್ಕೆ ನೋಡಿದ; ಎರಡು ಮೊಳದ ನಗುವೊಂದು ತನ್ನನ್ನು ದಾಟಿ ಹೋಗುವುದನ್ನು ಕಂಡು ಗಾಡಿಯನ್ನು ಮೆಲ್ಲಗೆ ಬದಿಗೆ ನಿಲ್ಲಿಸಿ ಇಳಿದುಬಿಟ್ಟ.

ಸುಖದ ಜೊತೆಗೆ ಸೆಕೆಯೂ ಬಂತು. ಗಾಳಿಯನ್ನು ಹೊರಗಿಟ್ಟರೆ ತಂಪೂ ಹೊರಗೇ ಉಳಿಯುತ್ತದೆ ಎಂಬುದನ್ನು ಇಂಟರ್‌ನೆಟ್ಟು ಹೇಳಿರಲಿಲ್ಲ. ಇಡ್ಲಿ ಪಾತ್ರೆಯೊಳಗೆ ಕೂತು ಲೋಕಸಂಚಾರ ಮಾಡಿದಂತಾಗಿ, ಬನಿಯನ್ನು ಒದ್ದೆಯಾಗಿ ಮೈಗಂಟಿತು. ಹಿಂದಿನಿಂದ ಬಂದ ಬಸ್ಸೊಂದು ಪಕ್ಕದಲ್ಲೇ ರೊಯ್ಯೆಂದು ಹೋದಾಗ ಕವಚ ಪಟದ ಹಾಗೆ ಒಂದು ಬದಿಗೆ ಎಳೆಯಿತು. ಓಂಕಾರಪ್ಪನವರು ಒಂದು ಗಾಲಿಯನ್ನು ಮಣ್ಣಿಗಿಳಿಸಿ, ಹೇಗೋ ಮತ್ತೆ ಟಾರಿಗೆ ತಂದರು. ಮುಂದಿನ ಗಾಳಿಯನ್ನು ಗೆದ್ದವನನ್ನು ಪಕ್ಕದ ಗಾಳಿ ಕಾದು ಹೊಡೆಯುತ್ತದೆ ಎಂದು ಅವರಿಗೆ ಆಗ ಅರ್ಥವಾಯಿತು. ಇದನ್ನು ಹಾಲಸ್ವಾಮಿಗೆ ಹೇಳಬಾರದೆಂದೂ ಆಗಲೇ ನಿರ್ಧರಿಸಿದರು.

ಮಾಚೇನಹಳ್ಳಿ ಕಳೆದು ನಿದಿಗೆ ಬರುವಷ್ಟರಲ್ಲಿ ರಸ್ತೆಯ ಅರ್ಧಕ್ಕೆ ಹುರುಳಿ ಗಿಡ ಹರಡಿದ್ದರು. ಬಸ್ಸು ಲಾರಿಗಳು ಹಾದು ಹಾದು ಕಾಳು ಉದುರಲಿ ಎಂದು ಎಲ್ಲರೂ ಮಾಡುವ ಉಪಾಯ. ಲಾರಿಗಳಿಗೆ ಅದು ಲೆಕ್ಕಕ್ಕಿಲ್ಲ. ನೆಲಕ್ಕೆ ಹತ್ತಿದ ಸಣ್ಣ ಗಾಲಿಗಳಿಗೆ ಅದು ಕಾಡು. ಓಂಕಾರಪ್ಪನವರ ಗಾಡಿ ಹತ್ತು ಮಾರು ಒಳಗೆ ಹೋಗಿ, ಮೂರೂ ಅಚ್ಚಿಗೆ ಹುರುಳಿ ಬಳ್ಳಿ ಸುತ್ತಿಕೊಂಡು, ದಡಬಡನೆ ನಿಂತಿತು.

ರಂಗಪ್ಪ ಎಂಬ ರೈತ, ಹುರುಳಿಯ ಯಜಮಾನ, ಕವೆಗೋಲು ಹಿಡಿದು ಬಂದು ಮೊದಲು ಹಲ್ಲನ್ನೂ ಆಮೇಲೆ ತಲೆಯನ್ನೂ ನೋಡಿದ.

“ಸ್ವಾಮಿ, ಒಳಗೆ ಎಷ್ಟು ಜನ ಇದೀರಿ?”

“ಒಬ್ಬನೇ ಇರೋದು. ಸ್ವಲ್ಪ ಈ ಬಳ್ಳಿ ಬಿಡಿಸಪ್ಪ.”

“ಬಿಡಿಸ್ತೀನಿ, ಅದಕ್ಕೇನು. ಬಿಡಿಸಿದ ಮೇಲೆ ನಾಲ್ಕು ಸುತ್ತು ಇದರ ಮೇಲೇ ಓಡಿಸಿಬಿಡಿ. ನಿಮ್ಮದು ಮೂರು ಗಾಲಿ ಇದೆ, ಚೆನ್ನಾಗಿ ತುಳಿಯುತ್ತೆ.”

ಅಷ್ಟರಲ್ಲಿ ಹಾಲಸ್ವಾಮಿ ಜಪ ಮುಗಿಸಿ ಬಂದೇಬಿಟ್ಟ. ಎದುರು ಗಾಳಿಗೆ ಅವನ ಅಂಗಿ ಬೆಲೂನಿನಂತೆ ಉಬ್ಬಿತ್ತು, ಮುಖ ಕೆಂಪಾಗಿತ್ತು. ಆದರೂ ಅವನ ದೊಡ್ಡ ಗಾಲಿಗಳು ಹುರುಳಿಯನ್ನು ಚರಚರ ತುಳಿದುಕೊಂಡು ಸಲೀಸಾಗಿ ದಾಟಿದವು. ಅವನ ಹಿಂದೆ ಸ್ಕೂಟಿ ಹೋಯಿತು. ಕರಿಬಸಮ್ಮ ಅಳಿಯನ ಕಡೆ ನೋಡಿ, ಸಹಾಯ ಮಾಡುವ ಹಾಗಿಲ್ಲ ಎಂಬಂತೆ ಕೈ ಅಲ್ಲಾಡಿಸಿದರು.

ಓಂಕಾರಪ್ಪನವರು ರಂಗಪ್ಪನನ್ನು ಅವಸರಪಡಿಸಿದರು. ಬಳ್ಳಿ ಬಿಡಿಸಿದ್ದೇ ತಡ, ಅವನು ಕೇಳಿದ್ದಕ್ಕೆ ಒಂದೇ ಒಂದು ಸುತ್ತು ಹೊಡೆದು, ತುಳಿದರು. ಮಲವಗೊಪ್ಪದ ಹತ್ತಿರ ಇಳಿಜಾರು ಸಿಕ್ಕಿತು. ಹಾಲಸ್ವಾಮಿಯ ಬೆನ್ನು ಕಂಡಿತು. ಅವನು ಎತ್ತರದಲ್ಲಿ ಕೂತು, ಬರುವ ಗಾಳಿಯನ್ನೆಲ್ಲ ಎದೆಯ ಮೇಲೆ ತೆಗೆದುಕೊಳ್ಳುತ್ತ, ಇಳಿಜಾರಿನಲ್ಲೂ ತುಳಿಯುತ್ತಿದ್ದ. ಓಂಕಾರಪ್ಪನವರು ತುಳಿಯುವುದನ್ನು ನಿಲ್ಲಿಸಿ, ಕೈಕಟ್ಟಿಕೊಂಡಂತೆ ಕೂತು, ಸುಮ್ಮನೆ ಜಾರಿ ಅವನನ್ನು ದಾಟಿದರು. ದಾಟುವಾಗ ಏನಾದರೂ ಹೇಳಬೇಕೆನಿಸಿತು. ಹೊಳೆಯಲಿಲ್ಲ. ಫ್ಲೆಕ್ಸೇ ನಗುತ್ತಿದೆಯಲ್ಲ, ಸಾಕು ಎಂದುಕೊಂಡರು.

ಅಲ್ಲಿಂದ ವಿದ್ಯಾನಗರದವರೆಗೂ ಅವರಿಗೆ ಹಾಲಸ್ವಾಮಿಯ ಸುದ್ದಿ ಇಲ್ಲ. ಎಲ್ಲೋ ಹಿಂದೆ ಉಳಿದಿರಬೇಕು, ಪಾಪ, ಬೀಳದೆ ಬಂದರೆ ಸಾಕು ಎಂದು ಮರುಕಪಟ್ಟರು. ಹಾಲಸ್ವಾಮಿಯ ಬಾಯಿಂದ ‘ಭಾವ ಹೇಳಿದ್ದೇ ಸರಿ’ ಎಂಬ ಮಾತು ಹೇಗೆ ಕೇಳಿಸಬಹುದೆಂದು ಕಲ್ಪಿಸಿಕೊಂಡು ಎರಡು ಸಲ ನಕ್ಕರು. ತಮ್ಮ ಬೀದಿಗೆ ತಿರುಗಿದಾಗ ವೇಗವನ್ನೂ ಸ್ವಲ್ಪ ಇಳಿಸಿದರು. ನೋಡುವವರು ಸರಿಯಾಗಿ ನೋಡಲಿ ಎಂದು. ಪಕ್ಕದ ಮನೆಯ ಶೇಷಪ್ಪ ಮೇಷ್ಟ್ರು ಪೇಪರು ಕೆಳಗಿಟ್ಟು ಎದ್ದು ನಿಂತರು. ಗೇಟಿಗೆ ಇನ್ನು ಹತ್ತೇ ಮಾರು.

ಆಗ ಅವರ ಬಲಭುಜದ ಪಕ್ಕದಲ್ಲಿ ಒಂದು ದೊಡ್ಡ ಗಾಲಿ ಕಾಣಿಸಿಕೊಂಡಿತು. ಆಮೇಲೆ ಚೌಕಟ್ಟು. ಆಮೇಲೆ, ಮೇಲೆ, ಹಾಲಸ್ವಾಮಿ. ಬೆವರಿಲ್ಲ, ಏದುಸಿರಿಲ್ಲ. ಊಟ ಮಾಡಿ ಮಲಗಿ ಎದ್ದವನ ಹಾಗಿದ್ದ. ಓಂಕಾರಪ್ಪನವರು ಕಾಲು ಬೀಸುವಷ್ಟರಲ್ಲಿ ಅವನ ಇಪ್ಪತ್ತೆಂಟು ಇಂಚಿನ ಗಾಲಿ ಗೇಟಿನ ಕಂಬವನ್ನು ಒಂದು ಗೇಣು ಮೊದಲೇ ಮುಟ್ಟಿತು. ನಿಲ್ಲುವುದು ಗೊತ್ತಿರದ ಹಾಲಸ್ವಾಮಿ ಹಾಗೇ ಮುಂದೆ ಹೋಗಿ, ಶೇಷಪ್ಪ ಮೇಷ್ಟ್ರ ಕಾಂಪೌಂಡಿನ ದಾಸವಾಳದ ಪೊದೆಯಲ್ಲಿ ಮೆಲ್ಲಗೆ ಮಲಗಿದ.

“ಎಲ್ಲಿದ್ದೆ ನೀನು?” ಎಂದರು ಓಂಕಾರಪ್ಪನವರು, ಕವಚ ಬಿಚ್ಚುವುದನ್ನೂ ಮರೆತು.

“ನಿಮ್ಮ ಹಿಂದೇನೇ ಭಾವ.”

“ಎಷ್ಟು ಹಿಂದೆ?”

ಉತ್ತರ ಕೊಟ್ಟವರು ವೀರಮ್ಮ. “ಒಂದು ಮೊಳ ಹಿಂದೆ ರೀ. ಹಸುವಿನ ಹಿಂದೆ ಕರು ಬಂದ ಹಾಗೆ. ನೀವು ದಾಟಿದ್ರಲ್ಲ, ಆಗ ಹಿಂದೆ ಬಂದು ಸೇರ್ಕೊಂಡ. ಸೀಟಿಂದ ಜಾರಿ ಜಾರಿ ತಲೆ ತಗ್ಗಿಸ್ಕೊಂಡು, ಆ ಕವಚದ ಮರೇಲೇ ಬಂದ. ಅರ್ಧ ದಾರಿ ತುಳೀಲೇ ಇಲ್ಲ.”

“ಅಲ್ಲಿ ಗಾಳೀನೇ ಇರ್ಲಿಲ್ಲ ಅಕ್ಕ” ಎಂದ ಹಾಲಸ್ವಾಮಿ ಪೊದೆಯೊಳಗಿಂದ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

ಓಂಕಾರಪ್ಪನವರು ಆ ಮಾತನ್ನು ಗಪ್ಪನೆ ಹಿಡಿದರು. ಕೇಳಿದ್ರಾ, ಗಾಳಿ ಇರಲಿಲ್ಲ, ಅದಕ್ಕೇ ಬಂದ. ಗೆದ್ದಿದ್ದು ನನ್ನ ಮಾತು, ಅದೂ ನನ್ನ ಕವಚದಿಂದಲೇ ಎಂದು ಶೇಷಪ್ಪ ಮೇಷ್ಟ್ರನ್ನೇ ಸಾಕ್ಷಿಗೆ ಕರೆದರು. ಮೊದಲು ಕಂಬ ಮುಟ್ಟಿದ್ದು ದೊಡ್ಡ ಗಾಲಿ, ಪಂದ್ಯ ಕಂಬಕ್ಕೆ ಕಟ್ಟಿದ್ದೇ ಹೊರತು ಮಾತಿಗಲ್ಲ ಎಂದ ಹಾಲಸ್ವಾಮಿ, ತಲೆಯಿಂದ ದಾಸವಾಳ ಕಿತ್ತುಕೊಳ್ಳುತ್ತ. ಕೊನೆಗೆ ಎಲ್ಲರೂ ಅಂಪೈರಿನ ಕಡೆ ತಿರುಗಿದರು.

ಕರಿಬಸಮ್ಮ ಸೆರಗು ಸರಿಮಾಡಿಕೊಂಡು, ಹಲ್ಲುಸೆಟ್ಟನ್ನು ಒಮ್ಮೆ ನಾಲಿಗೆಯಿಂದ ಒತ್ತಿ, ತೀರ್ಪು ಕೊಟ್ಟರು. “ಗೆದ್ದಿದ್ದು ಗಾಲೀನೇ.”

ಹಾಲಸ್ವಾಮಿ ಕೈ ಎತ್ತಿ ನಕ್ಕ. ಓಂಕಾರಪ್ಪನವರೂ ಕೈ ಎತ್ತಿ ನಕ್ಕರು.

“ಅತ್ತೆ, ಬೀಸೋ ಗಾಳಿ ತಾನೇ?”

“ಅವ್ವ, ತಿರುಗೋ ಗಾಲಿ ಅಲ್ವಾ?”

“ಅದೇ ಅಂದ್ನಲ್ಲ, ಗಾಲಿ” ಎಂದರು ಕರಿಬಸಮ್ಮ ಬೇಸರದಿಂದ. “ಎಷ್ಟು ಸಲ ಅನ್ಬೇಕು? ಕಿವಿ ಇಲ್ವಾ ಇಬ್ರಿಗೂ?”

ಶೇಷಪ್ಪ ಮೇಷ್ಟ್ರು ಕನ್ನಡ ಪಂಡಿತರು. ಅವರನ್ನು ಕೇಳಿದರೆ, ತಾವು ಕೇಳಿದ್ದು ಎರಡರ ನಡುವಿನ ಒಂದು ಅಕ್ಷರ, ಅದು ವರ್ಣಮಾಲೆಯಲ್ಲಿ ಇಲ್ಲ ಎಂದರು. ಬೀದಿಯಲ್ಲಿ ಜನ ಸೇರತೊಡಗಿದರು. ಮಕ್ಕಳು ಫ್ಲೆಕ್ಸಿನ ಹಲ್ಲು ಎಣಿಸತೊಡಗಿದರು. ವೀರಮ್ಮನಿಗೆ ಸಾಕಾಗಿಹೋಯಿತು.

“ಇಬ್ರೂ ಒಂದೇ ಸಲ ಹೇಳಿ, ಒಳಗೆ ಬನ್ನಿ. ಬೆಳಿಗ್ಗೇನೇ ಮಾಡಿಟ್ಟು ಹೋದ ಕಡುಬು ಆರಿಹೋಗಿದೆ.”

ಅವರ ಧ್ವನಿಯ ಮುಂದೆ ಗಾಳಿಯೂ ಇಲ್ಲ, ಗಾಲಿಯೂ ಇಲ್ಲ. ಭಾವ ಮೈದುನ ಇಬ್ಬರೂ ನೆಲ ನೋಡುತ್ತ, ಒಬ್ಬರ ಮಾತು ಇನ್ನೊಬ್ಬರ ಮಾತಿನಲ್ಲಿ ಮುಚ್ಚಿಹೋಗುವ ಹಾಗೆ, ‘ನೀವು ಹೇಳಿದ್ದೇ ಸರಿ’, ‘ನೀನು ಹೇಳಿದ್ದೇ ಸರಿ’ ಎಂದು ಗೊಣಗಿದರು. ಹೇಳಿ ಮುಗಿಸಿದ ಮೇಲೆ ಓಂಕಾರಪ್ಪನವರಿಗೆ ಆಶ್ಚರ್ಯವಾಯಿತು. ಏನೂ ಆಗಿರಲಿಲ್ಲ. ಸೊಂಟವೂ ನೆಟ್ಟಗಿತ್ತು.

ಕಡುಬು ತಿನ್ನುವಾಗ ಇಬ್ಬರೂ ತಟ್ಟೆಯಲ್ಲಿ ಚಟ್ನಿಯಿಂದ ಹೊಸ ಗಾಡಿಯ ನಕ್ಷೆ ಬರೆಯತೊಡಗಿದರು. ಹಿಂದಿನ ಗಾಲಿ ದೊಡ್ಡದು ಹಾಕೋಣ, ಗುಂಡಿಗೆ ಅದು ಒಳ್ಳೆಯದು, ಒಪ್ಪಿದೆ ಎಂದರು ಓಂಕಾರಪ್ಪನವರು. ಸೀಟು ಕೆಳಗಿಳಿಸೋಣ, ಕವಚಕ್ಕೆ ಎರಡು ಕಿಟಕಿ ಇಡೋಣ, ಪಕ್ಕದ ಗಾಳಿ ಹಾದುಹೋಗಲಿ ಎಂದ ಹಾಲಸ್ವಾಮಿ. ಪಕ್ಕದ ಗಾಳಿಯ ಸಂಗತಿ ಇವನಿಗೆ ಹೇಗೆ ಗೊತ್ತಾಯಿತೆಂದು ಓಂಕಾರಪ್ಪನವರು ಕೇಳಲಿಲ್ಲ.

ಹೊರಗೆ ಬಂದು ನೋಡಿದರೆ ಗೇಟಿನ ಹತ್ತಿರ ಮೂರು ಗಾಲಿಯ ಗಾಡಿ ಇರಲಿಲ್ಲ. ಕವಚ ಮಾತ್ರ ಬಿಚ್ಚಿ ಗೋಡೆಗೆ ಒರಗಿಸಿಟ್ಟಿತ್ತು. ಗಾಬರಿಯಾಗಿ ಬೀದಿಗೆ ಓಡಿದರು. ಬೀದಿಯ ಆ ತುದಿಯಿಂದ ಕರಿಬಸಮ್ಮ ಬರುತ್ತಿದ್ದರು. ವೈರಿನ ಕುರ್ಚಿಯಲ್ಲಿ ಒರಗಿ, ಸೀರೆ ಮೊಣಕಾಲಿಗೆ ಸಿಕ್ಕಿಸಿ, ಮಂಡಿನೋವಿನ ಕಾಲುಗಳನ್ನು ಮುಂದಕ್ಕೆ ಚಾಚಿ, ಬಾಯಲ್ಲಿ ಎಲೆ ಅಡಿಕೆ ಮೆಲ್ಲುತ್ತ, ನಡೆಯುವವರಿಗಿಂತ ನಿಧಾನವಾಗಿ ಪೆಡಲು ತುಳಿಯುತ್ತಿದ್ದರು. ಅವರ ಹಿಂದೆ ಒಂದು ಆಟೋ, ಎರಡು ಸ್ಕೂಟರು, ಒಂದು ತಳ್ಳುಗಾಡಿ ದಾರಿಗಾಗಿ ಕಾಯುತ್ತ ಸಾಲಾಗಿ ಬರುತ್ತಿದ್ದವು.

“ಮಂಡಿ ನೋಯ್ಲೇ ಇಲ್ಲ ಕಣೋ” ಎಂದರು ಗೇಟಿನ ಹತ್ತಿರ ಬಂದು. ಇಳಿಯುವ ಲಕ್ಷಣವೇನೂ ಇರಲಿಲ್ಲ. “ಇದು ನಂಗಿರ್ಲಿ. ಸೋಮವಾರ ಸೋಮವಾರ ಮಠಕ್ಕೆ ಹೋಗಿಬರ್ತೀನಿ.”

ಇಬ್ಬರೂ ಮುಖ ಮುಖ ನೋಡಿಕೊಂಡರು.

“ಆಗ್ಲಿ ಅವ್ವ” ಎಂದ ಹಾಲಸ್ವಾಮಿ. “ಗಾಲಿ ಇನ್ನೂ ಸ್ವಲ್ಪ ದೊಡ್ಡದು ಹಾಕ್ಲಾ?”

“ಮುಂದೆ ಒಂದು ಸಣ್ಣ ಕವಚ ಕಟ್ಕೊಡ್ಲಾ ಅತ್ತೆ?” ಎಂದರು ಓಂಕಾರಪ್ಪನವರು.

ಕರಿಬಸಮ್ಮ ಸ್ವಲ್ಪ ಯೋಚಿಸಿದರು. ಹಿಂದಿನಿಂದ ಆಟೋದವನು ಹಾರ್ನ್ ಮಾಡಿದ.

“ಅದೆಲ್ಲ ಏನೂ ಬೇಡ” ಎಂದರು. “ಒಂದು ಬೆಲ್ಲು ಹಾಕಿಸ್ಕೊಡಿ.”